ಯಾರ ಕಡೆಯವರು?

ಭಾನುವಾರ ಬಂತೆಂದರೆ ನಮ್ಮ ಮಾವನವರ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಬೆಳಿಗ್ಗೆಯೇ ಸ್ನಾನ ಮುಗಿಸಿ, ಇರುವ ನಾಲ್ಕು ಕೂದಲನ್ನು ನೀಟಾಗಿ ಬಾಚಿಕೊಂಡು, ಗೇಟಿನ ಹತ್ತಿರ ಹೋಗಿ ನಿಂತರೆ ಮುಗಿಯಿತು. ಗಲ್ಲಿಯಲ್ಲಿ ಹಾದುಹೋಗುವವರು ಪರಿಚಯದವರಿರಲಿ, ಅರೆಪರಿಚಯದವರಿರಲಿ, ಅವರ ಕೈಯಿಂದ ತಪ್ಪಿಸಿಕೊಂಡು ಹೋಗುವುದು ಸುಲಭವಲ್ಲ.

“ಬಿಸಿಲಲ್ಲಿ ಯಾಕ್ರೀ ನಿಂತಿದ್ದೀರಿ? ಬನ್ನಿ ಒಳಗೆ. ಊಟದ ಹೊತ್ತಿಗೆ ಸರಿಯಾಗಿ ಬಂದಿದ್ದೀರಿ.”

“ಇನ್ನೂ ಹನ್ನೊಂದು ಗಂಟೆ ಯಜಮಾನ್ರೇ.”

“ಮಾತಾಡ್ತಾ ಕೂತ್ರೆ ಒಂದಾಗುತ್ತೆ. ಬನ್ನಿ ಬನ್ನಿ.”

ಮಾವ ಮೂವತ್ತು ವರ್ಷ ಲಾರಿ ಓಡಿಸಿದವರು. ಗೊತ್ತಿಲ್ಲದ ಊರುಗಳಲ್ಲಿ ಗೊತ್ತಿಲ್ಲದವರ ಮನೆಯ ಅನ್ನ ಉಂಡವರು. ಎಲ್ಲೋ ಒಂದು ಕಡೆ ಲಾರಿ ಕೆಟ್ಟು ನಿಂತಾಗ ಒಬ್ಬ ಮುದುಕಿ ಬಾಗಿಲು ತೆಗೆದು, ಹೆಸರು ಸಹ ಕೇಳದೆ ಬಿಸಿಬಿಸಿ ಊಟ ಬಡಿಸಿದ ಕಥೆಯನ್ನು ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಎಷ್ಟು ಸಲ ಕೇಳಿದ್ದೇನೋ ದೇವರಿಗೇ ಗೊತ್ತು. ಕಥೆಯಲ್ಲಿ ಮುದುಕಿ ಒಂದು ಸಲ ಮೊಟ್ಟೆ ಬಡಿಸುತ್ತಾಳೆ, ಇನ್ನೊಂದು ಸಲ ಮೀನು. ಆದರೆ ಕೊನೆಯ ಮಾತು ಮಾತ್ರ ಬದಲಾಗುವುದಿಲ್ಲ. “ಉಣ್ಣೋಕೆ ಮುಂಚೆ ಯಾರನ್ನೂ ಏನೂ ಕೇಳಬಾರದು. ಉಂಡ ಮೇಲೆ ಕೇಳೋ ಅಗತ್ಯಾನೇ ಇರಲ್ಲ.” ಇದು ನಮ್ಮ ಮನೆಯ ಕಾನೂನು.

ಕಾನೂನು ಅವರದು, ಕೆಲಸ ನಮ್ಮದು. ನಾನು ವಾರವೆಲ್ಲ ಕನ್ನಡಕದ ಅಂಗಡಿಯಲ್ಲಿ ನಿಂತು ಊರವರ ಕಣ್ಣು ನೋಡುವವಳು, ಇರುವ ಒಂದು ರಜೆಯ ದಿನ ಈರುಳ್ಳಿ ಹೆಚ್ಚುತ್ತ ನನ್ನ ಕಣ್ಣು ಒರೆಸಿಕೊಳ್ಳುತ್ತೇನೆ. ನನ್ನ ಗಂಡ ಪ್ರೆಸ್ಸಿನಲ್ಲಿ ಮಷೀನು ನಡೆಸುತ್ತಾರೆ. ಭಾನುವಾರ ಅವರಿಗೆ ಎರಡು ಕೆಲಸ: ಎರಡು ಮೇಜು ಜೋಡಿಸಿ ಮೇಲೆ ಹಲಗೆ ಹಾಕುವುದು, ಆಮೇಲೆ ಯಾರು ಏನು ಹೇಳಿದರೂ “ಹೌದು” ಎನ್ನುವುದು. ಅತ್ತೆಯಂತೂ ಶನಿವಾರ ಸಂಜೆಯಿಂದಲೇ ಗೊಣಗಲು ಶುರು ಮಾಡುತ್ತಾರೆ. “ಮನೇನ ಸತ್ರ ಮಾಡಿಟ್ಟಿದ್ದಾರೆ. ನನ್ನ ಕೈ ಬಿದ್ದುಹೋದ ಮೇಲೆ ಗೊತ್ತಾಗುತ್ತೆ.” ಹಾಗೆನ್ನುತ್ತಲೇ ಅಕ್ಕಿಗೆ ಇನ್ನೆರಡು ಹಿಡಿ ಸೇರಿಸುತ್ತಾರೆ. ಊಟದ ಹೊತ್ತಿಗೆ ಕುರ್ಚಿ ಖಾಲಿ ಕಂಡರೆ ಅಡುಗೆಮನೆ ಕಿಟಕಿಯಿಂದ ಗಲ್ಲಿಯ ಕಡೆ ಇಣುಕುವವರೂ ಅವರೇ.

ಇಂಥ ಮನೆಗೆ ಒಂದು ಭಾನುವಾರ ಆ ಮನುಷ್ಯ ಬಂದರು.

ಐವತ್ತರ ಆಸುಪಾಸು. ಬಿಳಿ ಶರಟು, ಕಾಲರಿನಲ್ಲಿ ಒಂದು ಸುಕ್ಕಿಲ್ಲ. ಕೈಯಲ್ಲಿ ಸೇಬಿನ ಚೀಲ. ಬಾಗಿಲಲ್ಲೇ ಚಪ್ಪಲಿ ಜೋಡಿಸಿಟ್ಟು, ತುದಿಯ ಕುರ್ಚಿಯಲ್ಲಿ ಕೂತು, ಬಂದವರಿಗೆಲ್ಲ ಕೈ ಮುಗಿದರು. ಹೊಟ್ಟೆ ತುಂಬ ಉಂಡರು. ಉಂಡಾದ ಮೇಲೆ ಬೇರೆಯವರ ಹಾಗೆ ಹಲ್ಲು ಚುಚ್ಚುತ್ತ ಕೂರಲಿಲ್ಲ. ತಮ್ಮ ತಟ್ಟೆ ತಾವೇ ಎತ್ತಿಕೊಂಡು ನೇರ ಅಡುಗೆಮನೆಗೆ ಬಂದರು. ಒಳಗೆ ಆ ಕಡೆ ಈ ಕಡೆ ನೋಡಿ, ಗಂಟಲು ಸರಿಮಾಡಿಕೊಂಡು, “ಅಮ್ಮಾ, ಈ ಬದನೆಕಾಯಿಗೆ ಏನು ಹಾಕಿದ್ದೀರಿ?” ಎಂದರು.

ಅತ್ತೆ ಸೌಟು ಹಿಡಿದವರು ಹಾಗೇ ನಿಂತುಬಿಟ್ಟರು. ಇಷ್ಟು ವರ್ಷಗಳಲ್ಲಿ ಈ ಮನೆಯಲ್ಲಿ ಉಂಡವರೆಲ್ಲ “ಯಜಮಾನ್ರೇ, ಊಟ ಭರ್ಜರಿ” ಎಂದು ಮಾವನ ಬೆನ್ನು ತಟ್ಟಿ ಹೋದವರು. ಒಲೆಯ ತನಕ ಬಂದು ಕೇಳಿದ ಮಹಾನುಭಾವ ಇವರೊಬ್ಬರೇ.

“ಬೆಳ್ಳುಳ್ಳಿನ ಸುಟ್ಟು ಹಾಕ್ತೀನಿ,” ಎಂದರು ಅತ್ತೆ. ಇದು ನನಗೇ ಇಷ್ಟು ದಿನ ಹೇಳದಿದ್ದ ಗುಟ್ಟು.

ಮುಂದಿನ ಭಾನುವಾರವೂ ಅವರು ಬಂದರು. ಅದರ ಮುಂದಿನ ವಾರವೂ. ಅದೇ ಇಸ್ತ್ರಿ, ಅದೇ ಸೇಬು, ಅದೇ ತುದಿಯ ಕುರ್ಚಿ. ನಮ್ಮ ಮಗಳು, ಆರನೇ ಕ್ಲಾಸಿನವಳು, ನಾಲಿಗೆ ಮಾತ್ರ ಡಿಗ್ರಿ ಮುಗಿಸಿದೆ, ಅವರಿಗೆ ಸೇಬಿನಂಕಲ್ ಎಂದು ಹೆಸರಿಟ್ಟಳು.

ಹೀಗೇ ಎಷ್ಟೋ ವಾರ ಕಳೆದ ಮೇಲೆ, ಒಂದು ಸೋಮವಾರ ಬೆಳಿಗ್ಗೆ ಜಗಳ ಹತ್ತಿಕೊಂಡಿತು. ಶುರುವಾಗಿದ್ದು ಸೇಬಿನಿಂದ.

“ಮತ್ತೆ ಡಬ್ಬೀಲಿ ಸೇಬಾ?” ಮಗಳು ಮುಖ ಸಿಂಡರಿಸಿದಳು. “ಅಪ್ಪಾ, ನಿಮ್ಮ ಫ್ರೆಂಡಿಗೆ ಬಾಳೆಹಣ್ಣು ತರೋಕೆ ಹೇಳಿ.”

“ನನ್ನ ಫ್ರೆಂಡಾ?” ನನ್ನ ಗಂಡ ಶೂ ಲೇಸು ಕಟ್ಟುವುದನ್ನು ನಿಲ್ಲಿಸಿದರು. “ಅವರು ತಾತನ ಲಾರಿ ಆಫೀಸಿನವರಲ್ವೇನೇ?”

“ನನ್ನ ಆಫೀಸಿನವರಾ?” ಮಾವ ಚಹಾದ ಲೋಟ ಕೆಳಗಿಟ್ಟರು. “ನಾನು ನಿನ್ನ ಪ್ರೆಸ್ಸಿನವರು ಅಂದ್ಕೊಂಡಿದ್ದೆ. ಅಷ್ಟು ಅಚ್ಚುಕಟ್ಟು ಲಾರಿಯವರಲ್ಲಿ ಎಲ್ಲಿ ಬರ್ಬೇಕು?”

ಎಲ್ಲರೂ ನನ್ನ ಕಡೆ ತಿರುಗಿದರು.

“ನನ್ನ ಕಡೆಯವರಲ್ಲಪ್ಪ,” ಎಂದೆ. “ನಾನು ಅತ್ತೆಯ ತವರಿನ ಕಡೆ ಯಾರೋ ಇರಬೇಕು ಅಂತಿದ್ದೆ. ಅಡುಗೆಮನೆಗೇ ಬಂದುಬಿಡ್ತಾರಲ್ಲ.”

ಅಡುಗೆಮನೆಯಲ್ಲಿ ಅತ್ತೆ ಬಾಣಲೆ ಉಜ್ಜುವ ಸದ್ದು ಮಾತ್ರ ಸ್ವಲ್ಪ ಜೋರಾಯಿತು.

“ಅಂದ್ರೆ,” ಮಗಳು ಕಣ್ಣರಳಿಸಿದಳು, “ಸೇಬಿನಂಕಲ್ ಯಾರ ಕಡೆಯವರೂ ಅಲ್ವಾ?”

ನನಗೆ ತಲೆ ಕೆಟ್ಟುಹೋಯಿತು. “ಗುರುತು ಪರಿಚಯ ಇಲ್ಲದ ಮನುಷ್ಯನಿಗೆ ಮನೆ ಒಳಗೆ, ಒಲೆ ತನಕ ದಾರಿ ಬಿಟ್ಟಿದ್ದೀವಿ ಮಾವ! ನಾಳೆ ಏನಾದ್ರೂ ಹೆಚ್ಚು ಕಡಿಮೆ ಆದ್ರೆ? ಈ ವಾರ ಕೇಳಿಬಿಡಿ, ನೀವು ಯಾರು ಅಂತ.”

“ಇಷ್ಟು ದಿನ ಉಂಡವರನ್ನ ಈಗ ಯಾರು ಅಂತ ಕೇಳೋದಾ? ಅದಕ್ಕಿಂತ ಮುಖಕ್ಕೆ ಹೊಡೆಯೋದು ವಾಸಿ ಕಣಮ್ಮ.”

“ಹಾಗಾದ್ರೆ ನಾನೇ ಕೇಳ್ತೀನಿ.”

“ಯಾರೂ ಕೇಳಕೂಡದು.” ಇದು ಅತ್ತೆ. ಕೈಯಿಂದ ನೊರೆ ಸುರಿಯುತ್ತಿದ್ದರೂ ಹೊರಗೆ ಬಂದು ನಿಂತಿದ್ದರು. “ಕೇಳಿದ ದಿನ ಅವರು ನಾಚ್ಕೊಂಡು ಎದ್ದು ಹೋಗ್ತಾರೆ, ಮತ್ತೆ ಈ ಕಡೆ ಮುಖ ಹಾಕಲ್ಲ. ನಿಮಗೆಲ್ಲ ನನ್ನ ಅಡುಗೇಲಿ ಹೊಟ್ಟೆ ತುಂಬಿದ್ರೆ ಸಾಕು. ಅವರು ಒಬ್ರು ಕೇಳಿ ಉಣ್ತಾರೆ. ನನಗೂ ಒಬ್ಬರು ನೆಂಟರು ಬೇಡ್ವಾ?”

ಅತ್ತೆ ಹೀಗೆ ಬಾಯಿಬಿಟ್ಟು ಏನನ್ನಾದರೂ ಬೇಕು ಎಂದದ್ದನ್ನು ನಾನು ಕೇಳಿಯೇ ಇರಲಿಲ್ಲ. ಮಗಳು ಕೂಡ ಸೇಬಿನ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡಳು.

ಕೇಳಬಾರದು ಎಂದಾದ ಮೇಲೆ ಕುತೂಹಲ ಇನ್ನೂ ಹೆಚ್ಚಾಯಿತು. ಯಾರಿರಬಹುದು ಈ ಮನುಷ್ಯ? ಕೈಯ ಗೆರೆಗಳಲ್ಲಿ ಗ್ರೀಸಿನ ಕಪ್ಪು, ಉಗುರು ಮಾತ್ರ ಚೊಕ್ಕ. ಮಾತು ಕಡಿಮೆ. ಹೊಸಬರು ಯಾರಾದರೂ ಒಳಗೆ ಬಂದರೆ ತಟ್ಟನೆ ನೆಟ್ಟಗೆ ಕೂರುತ್ತಾರೆ. ಯಾಕೆ? ಒಂದು ಭಾನುವಾರ ನನ್ನ ಗಂಡನನ್ನು ಅವರ ಹಿಂದೆಯೇ ಕಳಿಸಿದೆ, ಅಂಗಡಿಗೆ ಹೋಗುವ ನೆಪದಲ್ಲಿ. ಅರ್ಧ ಗಂಟೆ ಬಿಟ್ಟು ವಾಪಸು ಬಂದರು.

“ಬಸ್ ಹತ್ತಿದ್ರು.”

“ಯಾವ ಬಸ್?”

“ಬಂದ ಬಸ್.”

ಇಂಥವರನ್ನು ಕಟ್ಟಿಕೊಂಡು ನಾನು ಪತ್ತೇದಾರಿ ಮಾಡಬೇಕು!

ಮಗಳು ತನ್ನದೇ ದಾರಿ ಹಿಡಿದಳು. ಯಾರು ಎಂದು ತಾನೇ ಕೇಳಬಾರದು? ಉಳಿದದ್ದು ಕೇಳಬಹುದಲ್ಲ. ಮುಂದಿನ ವಾರ ಅವರ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು.

“ಅಂಕಲ್, ನಿಮ್ಮ ಮನೇಲಿ ಯಾರ್ಯಾರಿದ್ದಾರೆ?”

ಅವರು ತುತ್ತು ಕೆಳಗಿಟ್ಟರು. ಪರೀಕ್ಷೆಯಲ್ಲಿ ಕೂತವರ ಹಾಗೆ ಯೋಚಿಸಿ ಹೇಳಿದರು. “ನಾನೊಬ್ಬನೇ ಇದ್ದೀನಮ್ಮ. ಬಾಡಿಗೆ ಮನೆ, ಆದ್ರೆ ನೀರು ಚೆನ್ನಾಗಿ ಬರುತ್ತೆ. ಸಿಗರೇಟು, ಕುಡಿತ ಯಾವುದೂ ಇಲ್ಲ. ಸಿಟ್ಟು ಕಡಿಮೆ.”

ಆರನೇ ಕ್ಲಾಸಿನ ಹುಡುಗಿಗೆ ಯಾರಾದರೂ ಹೀಗೆ ಹೇಳುತ್ತಾರೆಯೇ? ನಾನೂ ನನ್ನ ಗಂಡನೂ ಮುಖ ಮುಖ ನೋಡಿಕೊಂಡೆವು. ಅವರು ಅಷ್ಟಕ್ಕೇ ಬಿಡದೆ ಮಾವನ ಕಡೆ ತಿರುಗಿ, “ಕೆಲಸ ಖಾಯಂ ಆಗಿದೆ,” ಎಂದೂ ಸೇರಿಸಿದರು. ಮಾವ “ಸಂತೋಷ, ಇನ್ನೊಂದು ತುಂಡು ಮೀನು ಹಾಕ್ಕೊಳ್ಳಿ” ಎಂದರು. ಅಷ್ಟೇ ಅವರಿಗೆ ಗೊತ್ತಿದ್ದದ್ದು.

ಅವತ್ತೇ ಗಮನಿಸಿದೆ, ಮೀನಿನ ಮುಳ್ಳು ಬಿಡಿಸುವಾಗ ಅವರು ತಟ್ಟೆಯನ್ನು ದೂರ ಹಿಡಿದು ಕಣ್ಣು ಕಿರಿದು ಮಾಡುತ್ತಿದ್ದರು. ನನಗೆ ಸಿಕ್ಕಿತು ದಾರಿ. “ನಮ್ಮ ಅಂಗಡಿಗೊಂದು ಸಲ ಬನ್ನಿ, ಕಣ್ಣು ನೋಡ್ತೀನಿ,” ಎಂದೆ. ಅಂಗಡಿಯಲ್ಲಿ ನಾನು ಏನು ಬೇಕಾದರೂ ಕೇಳಬಹುದು. ಅಲ್ಲಿ ನಮ್ಮ ಮಾವನ ಕಾನೂನು ನಡೆಯುವುದಿಲ್ಲ.

ಬುಧವಾರ ಸಂಜೆ ಬಂದರು. ಕುರ್ಚಿಯಲ್ಲಿ ಕೂರಿಸಿ, ಗಾಜು ಬದಲಾಯಿಸುವ ಆ ಭಾರದ ಫ್ರೇಮನ್ನು ಮೂಗಿನ ಮೇಲೆ ಇಟ್ಟು, ಎದುರಿನ ಅಕ್ಷರದ ಹಲಗೆಯ ದೀಪ ಹಾಕಿದೆ.

“ಏನು ಕೆಲಸ ಮಾಡ್ತೀರಿ? ಹತ್ತಿರದ್ದು ನೋಡೋ ಕೆಲಸಾನಾ, ದೂರದ್ದಾ?”

“ಲಿಫ್ಟ್ ರಿಪೇರಿ. ಸಣ್ಣ ಸ್ಕ್ರೂಗಳು ಕಾಣ್ತಿಲ್ಲ ಈಚೆಗೆ.”

ಒಂದು ಗಾಜು ತೆಗೆದು ಇನ್ನೊಂದು ಹಾಕಿದೆ. “ಈಗ? ಮೊದಲಿನದು ಚೆನ್ನಾಗಿತ್ತಾ, ಇದು ಚೆನ್ನಾಗಿದೆಯಾ?”

ಅವರು ಅಕ್ಷರ ಓದಲಿಲ್ಲ. ಕೈಯನ್ನು ಮಡಿಲಲ್ಲಿ ಹಿಸುಕಿಕೊಳ್ಳುತ್ತಿದ್ದರು. “ಅಮ್ಮಾ, ತಪ್ಪು ತಿಳ್ಕೋಬೇಡಿ. ಒಂದು ಮಾತು ಕೇಳ್ಲಾ?”

“ಕೇಳಿ.”

“ಆಕೇನ ಯಾವಾಗ ತೋರಿಸ್ತೀರಿ?”

“ಯಾರನ್ನ?”

“ಅದೇ… ನೋಡೋಕೆ ಅಂತ ಕರೆಸಿದ್ರಲ್ಲ. ಅವಸರ ಏನಿಲ್ಲ ನನಗೆ. ಪ್ರತಿ ವಾರ ನಿಮ್ಮ ನೆಂಟರೆಲ್ಲ ಬಂದು ನನ್ನ ನೋಡ್ಕೊಂಡು ಹೋಗ್ತಿದ್ದಾರೆ. ನೋಡ್ಲಿ, ಅದೂ ಸರಿಯೇ. ಆದ್ರೆ ಇನ್ನೂ ಎಷ್ಟು ಜನ ಒಪ್ಪಬೇಕು ಅಂತ ಗೊತ್ತಾದ್ರೆ…”

ನನ್ನ ಕೈಯಲ್ಲಿದ್ದ ಗಾಜು ಬೀಳುವುದೊಂದು ಬಾಕಿ. ನಿಧಾನವಾಗಿ ಕೇಳುತ್ತ ಹೋದೆ, ಅವರೂ ಒಂದೊಂದಾಗಿ ಹೇಳುತ್ತ ಹೋದರು. ಅವರು ಲಿಫ್ಟ್ ನೋಡಿಕೊಳ್ಳುವ ಒಂದು ಕಟ್ಟಡದಲ್ಲಿ ಬ್ಯಾಂಕಿನ ಮೇಡಂ ಒಬ್ಬರಿದ್ದಾರೆ. ಅವರೇ ಹೇಳಿದ್ದಂತೆ: ಹೆಣ್ಣುಮಗಳು ಗಂಡ ತೀರಿಕೊಂಡು ಬಹಳ ವರ್ಷ ಆಯಿತು, ಹೊಲಿಗೆ ಕೆಲಸ, ತುಂಬ ಒಳ್ಳೆಯವರು, ಭಾನುವಾರ ಊಟಕ್ಕೆ ಹೋಗಿ, ಒಬ್ಬರನ್ನೊಬ್ಬರು ನೋಡಿ, ಆಮೇಲಿನದು ನಿಮ್ಮಿಬ್ಬರಿಗೆ ಬಿಟ್ಟದ್ದು. ಹಾಲಿನ ಬೂತಿನಿಂದ ನಾಲ್ಕನೇ ಮನೆ.

“ಎಡಗಡೆಯೋ ಬಲಗಡೆಯೋ ಹೇಳಿರಲಿಲ್ಲ. ಗಲ್ಲೀಲಿ ನಿಂತು ನೋಡ್ತಿದ್ದೆ. ನಿಮ್ಮ ಮಾವನವರು ಗೇಟಿಂದ ಕೈ ಬೀಸಿ ಕರೆದ್ರು, ಊಟದ ಹೊತ್ತಿಗೆ ಸರಿಯಾಗಿ ಬಂದಿದ್ದೀರಿ ಅಂದ್ರು. ಕಾಯ್ತಿದ್ರು ಅಂತಾನೇ ಒಳಗೆ ಬಂದೆ. ಮೂಲೇಲಿ ಹೊಲಿಗೆ ಮಷೀನೂ ಇತ್ತಲ್ಲ.”

ಆ ಮಷೀನು ಅತ್ತೆಯದು. ಅದರ ಮೇಲೆ ಇಸ್ತ್ರಿ ಬಟ್ಟೆ ಪೇರಿಸುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿಲ್ಲ. ಬೂತಿನಿಂದ ನಾಲ್ಕನೇ ಮನೆಗಳು ಎರಡು: ಈ ಕಡೆ ನಮ್ಮದು, ಆ ಕಡೆ ಹೊಲಿಗೆಯಕ್ಕನದು.

“ಇಷ್ಟು ವಾರದಲ್ಲಿ ಆ ಮೇಡಮ್ಮನ್ನ ಕೇಳಲಿಲ್ವಾ ನೀವು?”

“ನಾನು ಕಾಣಿಸಿದ್ರೆ ಅವರು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ ಹೋಗ್ತಾರೆ. ವ್ಯಾಯಾಮ ಇರಬೇಕು ಅಂದ್ಕೊಂಡೆ.”

ನಗು ಬಂತು. ತಡೆದುಕೊಂಡೆ. ವಿಷಯ ಹೇಳಿದೆ. ಅವರು ಆ ಭಾರದ ಫ್ರೇಮನ್ನು ಎರಡೂ ಕೈಯಿಂದ ತೆಗೆದು ಮೇಜಿನ ಮೇಲಿಟ್ಟರು.

“ಹಾಗಾದ್ರೆ ಅವತ್ತು ಆಕೆ…?”

“ನೀವು ಬರಲೇ ಇಲ್ಲ ಅಂದ್ಕೊಂಡಿರ್ತಾರೆ.”

ಇನ್ನೊಂದು ಕಣ್ಣು ತೋರಿಸದೆ ಎದ್ದು ಹೋದರು.

ಮನೆಗೆ ಬಂದು ಊಟಕ್ಕೆ ಕೂತಾಗ ಹೇಳಿದೆ. ಮಗಳು ಕುರ್ಚಿಯಿಂದ ಬೀಳುವಷ್ಟು ನಕ್ಕಳು. ನನ್ನ ಗಂಡ ಮೊದಲ ಸಲ “ಹೌದು” ಅನ್ನದೆ “ಛೇ” ಎಂದರು. ಅತ್ತೆ ಮಾತ್ರ ತಟ್ಟೆ ನೋಡುತ್ತ ಕೇಳಿದರು.

“ಹಾಗಾದ್ರೆ ಅಡುಗೆಮನೆಗೆ ಬರ್ತಿದ್ದದ್ದು?”

“ಒಳಗೆ ಬೇರೆ ಯಾರಾದ್ರೂ ಇದ್ದಾರಾ ಅಂತ ನೋಡೋಕೆ ಅತ್ತೆ.”

ಅವರಿಗೆ ಬೇಜಾರಾಗಿತ್ತು, ಮುಖದಲ್ಲೇ ಕಾಣುತ್ತಿತ್ತು. “ಮೂರನೇ ಸಲ ಮೀನು ಹಾಕಿಸ್ಕೊಂಡಿದ್ದೂ ಹೆಣ್ಣು ನೋಡೋಕೇನಾ?”

“ಇಲ್ಲ ಅತ್ತೆ. ಅದು ಮೀನಿಗೇ.”

“ಸರಿ ಹಾಗಾದ್ರೆ,” ಎಂದು ನಿಟ್ಟುಸಿರು ಬಿಟ್ಟರು. ಆಮೇಲೆ ತಟ್ಟನೆ ತಲೆ ಎತ್ತಿದರು. “ಅಯ್ಯೋ, ಆ ಹೆಣ್ಣುಮಗಳು ಅವತ್ತು ಅಡುಗೆ ಮಾಡಿ ಕಾದಿರ್ತಾಳಲ್ರೀ!”

ಮಾವ ತುತ್ತು ಬಾಯಿಗಿಡಲಿಲ್ಲ. ಹೊಲಿಗೆಯಕ್ಕನನ್ನು ಅವರು ಗೇಟಿನಿಂದ ಎಷ್ಟೋ ಸಲ ಊಟಕ್ಕೆ ಕೂಗಿದ್ದರು. ಆಕೆ ಕಿಟಕಿಯಿಂದಲೇ “ಇನ್ನೊಂದು ದಿನ ಬರ್ತೀನಿ ಯಜಮಾನ್ರೇ” ಎನ್ನುತ್ತಿದ್ದರು. ಬಿಗುಮಾನದ ಹೆಂಗಸು ಎಂದು ನಾವೆಲ್ಲ ತೀರ್ಮಾನ ಮಾಡಿ ಕೂತಿದ್ದೆವು.

ಮರುದಿನ ಮಗಳ ಸ್ಕರ್ಟಿನ ಅಂಚು ಬಿಡಿಸುವ ನೆಪ ಮಾಡಿಕೊಂಡು ಎದುರುಮನೆಗೆ ಹೋದೆ. ಒಂದೇ ಕೋಣೆ, ಹಿಂದೆ ಚಿಕ್ಕ ಅಡುಗೆಮನೆ. ಯೂನಿಫಾರಮ್ಮಿನ ಕಾಲರುಗಳು ಒಂದರ ಮೇಲೊಂದು ಪೇರಿಸಿದ್ದವು. ಅಕ್ಕ ಕಿಟಕಿಯ ಪಕ್ಕ ಮಷೀನು ತುಳಿಯುತ್ತಿದ್ದರು.

“ಅಕ್ಕಾ, ನೀವು ಒಂದು ಭಾನುವಾರ ಯಾರನ್ನೋ ಊಟಕ್ಕೆ ಕರೆದಿದ್ರಂತೆ.”

ಮಷೀನು ನಿಂತಿತು. “ಯಾರು ಹೇಳಿದ್ದು? ಬ್ಯಾಂಕಿನ ಮೇಡಮ್ಮಾ? ಆ ವಿಷಯ ಎತ್ತಬೇಡಿ ಅಂತ ಕೈ ಮುಗಿದು ಹೇಳಿದ್ದೆ ಅವರಿಗೆ.”

“ಬಂದವರೇ ಹೇಳಿದ್ರು.”

“ಬಂದವರೆಲ್ಲಿ? ಯಾರೂ ಬರಲೇ ಇಲ್ವಲ್ಲ.”

“ಬಂದ್ರು ಅಕ್ಕಾ. ನಮ್ಮ ಮಾವ ಗೇಟಿಂದ ಕರೆದುಬಿಟ್ರು. ನಮ್ಮ ಮನೆಗೆ ಬಂದುಬಿಟ್ರು.”

ಅವರು ನನ್ನ ಮುಖವನ್ನೇ ನೋಡಿದರು. “ಆ ಬಿಳೀ ಶರಟಿನವರಾ?”

“ಅವರೇ.”

“ಅವರನ್ನ ವಾರ ವಾರ ನೋಡ್ತೀನಲ್ರೀ ಈ ಕಿಟಕೀಲಿ!” ಅಕ್ಕ ನಗುವುದೋ ಏನು ಮಾಡುವುದೋ ತಿಳಿಯದವರಂತೆ ಕೈ ಬಾಯಿಗಿಟ್ಟುಕೊಂಡರು. “ಯಾರಪ್ಪಾ ಇವರು, ಕಾಲರ್ ಇಸ್ತ್ರಿ ಎಷ್ಟು ಚೆನ್ನಾಗಿದೆ ಅಂದ್ಕೋತಿದ್ದೆ.”

ಆಮೇಲೆ ನಗು ಹೋಯಿತು. ಒಂದು ಕಾಲರನ್ನು ತೊಡೆಯ ಮೇಲಿಟ್ಟು ಸವರುತ್ತ ಹೇಳಿದರು. “ಎರಡು ಹೊಸ ತಟ್ಟೆ ತಂದಿದ್ದೆ ಅವತ್ತು. ಕೋಳಿ ಮಾಡಿದ್ದೆ. ನನ್ನ ಕೈಯಲ್ಲಿ ಕೋಳಿ ಚೆನ್ನಾಗಾಗುತ್ತೆ, ನನ್ನ ಯಜಮಾನ್ರು ಹೇಳ್ತಿದ್ರು. ಮೂರು ಗಂಟೆ ತನಕ ಕಾದೆ. ಎರಡು ಸಲ ಬಿಸಿ ಮಾಡಿದೆ. ನಿಮ್ಮ ಮನೇಲಿ ಎಲ್ಲರೂ ನಗೋದು ಕೇಳಿಸ್ತಿತ್ತು. ಆಮೇಲೆ ನಾನೇ ಲೆಕ್ಕ ಹಾಕ್ಕೊಂಡೆ, ಗಲ್ಲಿ ತನಕ ಬಂದಿರ್ತಾರೆ, ಕಿಟಕೀಲಿ ನನ್ನ ಮುಖ ನೋಡಿರ್ತಾರೆ, ಹಾಗೇ ವಾಪಸ್ ಹೋಗಿರ್ತಾರೆ ಅಂತ.”

ಸ್ಕರ್ಟು ಅಲ್ಲೇ ಬಿಟ್ಟು ಬಂದೆ.

ಅವತ್ತು ಸಂಜೆ ಮಾವ ತಾವೇ ಹೋದರು. ನಾನೂ ಅತ್ತೆಯೂ ಹಿಂದೆ ಹೋದೆವು. ಯಾರ ಮನೆಗೆ ಹೋದರೂ “ಏನ್ರೀ ಮಾಡಿದ್ದೀರಿ ಊಟಕ್ಕೆ” ಎಂದು ಒಳಗೇ ನುಗ್ಗುವ ಮನುಷ್ಯ ಹೊಸ್ತಿಲ ಹೊರಗೇ ನಿಂತರು.

“ತಪ್ಪಾಯ್ತು ಕಣಮ್ಮ. ನಿಮ್ಮ ಮನೆಗೆ ಬಂದವರನ್ನ ನಾನು ಎಳ್ಕೊಂಡು ಹೋದೆ.”

“ಬೇಕು ಅಂತ ಮಾಡಿಲ್ವಲ್ಲ ಬಿಡಿ ಯಜಮಾನ್ರೇ.”

“ಈ ಭಾನುವಾರ ನೀವೂ ಬನ್ನಿ, ಅವರೂ ಬರ್ಲಿ,” ಎಂದರು ಅತ್ತೆ. “ನಿಮ್ಮಿಬ್ಬರಿಗೇ ಬೇರೆ ಮೇಜು ಹಾಕ್ತೀನಿ. ನೀವು ಏನು ಹೇಳ್ತೀರೋ ಅದನ್ನೇ ಮಾಡ್ತೀನಿ.”

ಅಕ್ಕ ಸಿಟ್ಟಿನಿಂದ ಮಾತಾಡಲಿಲ್ಲ. ಅದಕ್ಕೇ ಇನ್ನೂ ಕಷ್ಟವಾಯಿತು. “ನನಗೆ ಊಟಕ್ಕೆ ಕಮ್ಮಿ ಇಲ್ಲ ಅಮ್ಮಾ. ಒಬ್ಬರು ನನ್ನ ಮನೆಗೆ ಬಂದು ಕೂರಲಿ, ನನ್ನ ಕೈಯಡುಗೆ ಉಣ್ಲಿ ಅಂತ ಆಸೆ ಇತ್ತು. ನಿಮಗೆ ವಾರ ವಾರ ಹತ್ತು ಜನ ಬರ್ತಾರೆ. ನನಗೆ ಅವತ್ತು ಬರೋದಿದ್ದದ್ದು ಒಬ್ಬರೇ.”

ಮಾವ ತಲೆ ತಗ್ಗಿಸಿದರು. “ನಾನು ಅವರನ್ನ ಕಳಿಸ್ತೀನಮ್ಮ ಇಲ್ಲಿಗೆ.”

“ಕಳಿಸೋದು ಬೇಡ. ಅವರಾಗೇ ಬಂದ್ರೆ ನೋಡೋಣ. ನಾನಂತೂ ಇನ್ನೊಂದು ಸಲ ಮಾಡಿಟ್ಟು ಕಾಯಲ್ಲ. ಒಲೇನೇ ಹಚ್ಚಲ್ಲ.”

ದಾರಿ ದಾಟಿ ಮನೆಗೆ ಬರುವಾಗ ಮಾವ ಗೇಟು ಹಿಡಿದು ನಿಂತರು. “ಅಷ್ಟು ವರ್ಷ ಲಾರಿ ಓಡಿಸಿ ಒಂದು ಸಲಾನೂ ದಾರಿ ತಪ್ಪಲಿಲ್ಲ. ಇಲ್ಲಿ ನಿಂತು ಇನ್ನೊಬ್ಬರ ದಾರಿ ತಪ್ಪಿಸಿದೆ ನೋಡಮ್ಮ,” ಎಂದರು. ಆ ಎರಡು ದಿನ ಅವರಿಗೆ ಊಟ ಸೇರಲಿಲ್ಲ. ಶನಿವಾರ ಅತ್ತೆ ಗೊಣಗಲೂ ಇಲ್ಲ. ಮನೆ ಭಣಭಣ ಎನ್ನುತ್ತಿತ್ತು.

ಭಾನುವಾರ ಬಂತು. ಬರುತ್ತಾರೋ ಇಲ್ಲ ನಾಚಿಕೆಯಿಂದ ಊರೇ ಬಿಡುತ್ತಾರೋ ಎಂದು ನಾವೆಲ್ಲ ಅಡುಗೆಮನೆ ಕಿಟಕಿಗೆ ಅಂಟಿಕೊಂಡಿದ್ದೆವು. ಅತ್ತೆ ಬದನೆಕಾಯಿ ಮಾಡಿಯೇ ಇದ್ದರು. “ಇರ್ಲಿ, ಎಲ್ಲಾದ್ರೂ ಅವಳು ಬಾಗಿಲು ತೆಗೀಲಿಲ್ಲ ಅಂದ್ರೆ ಹಸ್ಕೊಂಡು ಹೋಗ್ಬಾರದಲ್ಲ.” ಎದುರುಮನೆಯ ಬಾಗಿಲು ಮುಚ್ಚಿತ್ತು. ಒಳಗೆ ಮಷೀನಿನ ಸದ್ದು.

“ಬಂದ್ರು, ಬಂದ್ರು!” ಮಗಳು ನನ್ನ ಸೊಂಟ ತಿವಿದಳು.

ಬಿಳಿ ಶರಟೇ. ಸೇಬಿನ ಚೀಲ ಈ ಸಲ ಎರಡು. ಗಲ್ಲಿಯ ನಡುವೆ ನಿಂತು ಮುಚ್ಚಿದ ಬಾಗಿಲನ್ನು ನೋಡಿದರು. ತೆರೆದಿದ್ದ ನಮ್ಮ ಗೇಟನ್ನು ನೋಡಿದರು. ನಮ್ಮ ಕಡೆಗೇ ಬಂದರು.

“ಯಜಮಾನ್ರೇ, ಕ್ಷಮೆ ಕೇಳ್ಕೊಂಡು ಹೋಗೋಣ ಅಂತ ಬಂದೆ. ಇಷ್ಟು ವಾರ ಸುಮ್ಸುಮ್ನೆ ನಿಮ್ಮ ಮನೇಲಿ…”

“ಕೇಳಬೇಕಾದ್ದು ನನ್ನನ್ನಲ್ಲ.”

“ಅವರು ಬಾಗಿಲು ತೆಗೆಯಲ್ಲ ಅನ್ಸುತ್ತೆ. ಎರಡು ಸಲ ಬಸ್ ಸ್ಟ್ಯಾಂಡಿಗೆ ವಾಪಸ್ ಹೋಗಿ ಬಂದೆ. ಒಂದು ಗಳಿಗೆ ಒಳಗೆ ಕೂತು, ಧೈರ್ಯ ಮಾಡ್ಕೊಂಡು…”

ಮಾವನ ಕೈ ಅಭ್ಯಾಸಬಲದಿಂದ ಅವರ ಭುಜದ ಕಡೆ ಹೋಯಿತು. ಒಳಗೆ ಕರೆಯುವಾಗ ಅವರು ಹಾಗೇ ಭುಜ ಹಿಡಿಯುವುದು. ಅರ್ಧಕ್ಕೆ ನಿಂತಿತು. ಆ ಕೈಯಿಂದಲೇ ಗೇಟು ಎಳೆದು ಚಿಲಕ ಹಾಕಿದರು.

“ಇಲ್ಲ. ಈ ಮನೇಲಿ ಇವತ್ತು ನಿಮಗೆ ಊಟ ಇಲ್ಲ.”

ಈ ಬಾಯಿಂದ ಈ ಮಾತು ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಪಕ್ಕದಲ್ಲಿ ಅತ್ತೆ “ಏನ್ರೀ ಇದು, ಪಾಪ…” ಎಂದು ಬಾಗಿಲ ಕಡೆ ಹೊರಟರು. ಅವರ ಕೈ ಹಿಡಿದುಕೊಂಡೆ.

“ಒಂದು ಲೋಟ ನೀರಾದ್ರೂ?” ಎಂದರು ಅವರು ಗೇಟಿನಾಚೆಯಿಂದ.

“ನೀರೂ ಇಲ್ಲ.” ಮಾವ ಚಿಲಕದ ಮೇಲಿನ ಕೈ ತೆಗೆಯಲಿಲ್ಲ. “ಹೋಗಪ್ಪ. ಇನ್ನೂ ನಿಂತ್ರೆ ನನ್ನ ಕೈಲಾಗಲ್ಲ. ಹೋಗು.”

ಆ ಮನುಷ್ಯ ತಿರುಗಿದರು. ಗಲ್ಲಿ ದಾಟಿದರು. ಎದುರುಮನೆಯ ಮುಂದೆ ನಿಂತು, ಚೀಲಗಳನ್ನು ಒಂದೇ ಕೈಗೆ ಬದಲಾಯಿಸಿಕೊಂಡು ಬಾಗಿಲು ತಟ್ಟಲು ಕೈ ಎತ್ತಿದರು. ತಟ್ಟುವ ಮೊದಲೇ ಮಷೀನಿನ ಸದ್ದು ನಿಂತಿತು. ಬಾಗಿಲು ತೆರೆಯಿತು. ಅಕ್ಕನ ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಇತ್ತು.

“ನಾನು ಅಡುಗೆ ಮಾಡಿಲ್ಲ,” ಎಂದರು.

“ಪರವಾಗಿಲ್ಲ.”

“ಪರವಾಗಿಲ್ಲ ಅಂದ್ರೆ? ಊಟಕ್ಕೆ ತಾನೇ ಕರೆದಿದ್ದು? ಈಗ ಒಲೆ ಹಚ್ಚಿದ್ರೆ ಮೂರು ಗಂಟೆ ಆಗುತ್ತೆ.”

“ಕಾಯ್ತೀನಿ.”

ಅಕ್ಕ ಅವರನ್ನು ಮೇಲಿಂದ ಕೆಳಗೆ ನೋಡಿದರು. ಗಲ್ಲಿಯಲ್ಲಿ ಒಂದು ಸದ್ದಿಲ್ಲ. ಮಾವ ನಮ್ಮ ಗೇಟಿನ ಕಂಬಿ ಬಿಗಿಯಾಗಿ ಹಿಡಿದಿದ್ದರು.

“ಮೂರು ಗಂಟೆ ತನಕ ಕಾಯೋದು ಹೇಗಿರುತ್ತೆ, ಗೊತ್ತಾ ನಿಮಗೆ?”

“ಇಲ್ಲ,” ಎಂದರು ಅವರು. “ಇವತ್ತು ತಿಳ್ಕೋತೀನಿ.”

ಅಕ್ಕ ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತರು.